ವರನಿಗೊಂದು ಆಂಪ್ಲಿಫೈಯರ್

ಹೆಣ್ಣು ನೋಡುವ ಶಾಸ್ತ್ರದಲ್ಲಿ ಈಗ ಉಪ್ಪಿಟ್ಟು, ಕೇಸರಿಬಾತಿನ ನಂತರ ಹೆಡ್‌ಫೋನ್ ಬರುತ್ತದೆ. ಹುಡುಗಿ ಅದನ್ನು ಹಾಕಿಕೊಂಡು ಹುಡುಗನ ಮನಸ್ಸಿನ ಮಾತು ಕೇಳಿದ ಮೇಲೆಯೇ ಒಪ್ಪಿಗೆ. ನನ್ನ ಮೊಮ್ಮಗಳು ಮಂದಾಕಿನಿ ಕಾಫಿ ಆರುವವರೆಗೂ ಕೇಳಿದಳು.

"ಅಜ್ಜಿ, ಏನೂ ಕೇಳಿಸ್ತಿಲ್ಲ."

"ನಮ್ಮ ಹುಡುಗ ಸ್ವಲ್ಪ ಗಂಭೀರ," ಎಂದರು ಅವನ ತಾಯಿ ಪಂಕಜಮ್ಮ. "ಅಂಥವರಿಗೆ ಪುಟ್ಟ ಆಂಪ್ಲಿಫೈಯರ್ ಬೇಕಾಗುತ್ತೆ. ತಂದಿದೀನಿ."

ವ್ಯಾನಿಟಿ ಬ್ಯಾಗಿನಿಂದ ಅದು ಹೊರಬಂತು. ಎಂಥ ಮುಂದಾಲೋಚನೆ.

ಮಂದಾಕಿನಿ ಅದನ್ನು ಹೆಡ್‌ಫೋನಿಗೆ ಸಿಕ್ಕಿಸಿ ಜೋರು ಮಾಡಿದಳು. "ಈಗ ಕೇಳಿಸ್ತಿದೆ. ಆದ್ರೆ ಅವರ ತಲೆಯೊಳಗೆ ಮಾತಾಡ್ತಿರೋದು ನೀವೇ, ಆಂಟಿ."

ಹುಡುಗ ಅಮ್ಮನ ಮುಖ ನೋಡಿದ.

ನಾನು ಆಂಪ್ಲಿಫೈಯರ್ ಕಳಚಿ ಪಂಕಜಮ್ಮನ ಕೈಗಿಟ್ಟೆ. "ತಗೊಳ್ಳಿ, ನಿಮ್ಮ ಮಾತು ಕೇಳೋದಕ್ಕೆ ಇದ್ಯಾಕೆ? ಇದಿಲ್ಲದೇನೇ ಬೀದಿಗೆಲ್ಲ ಕೇಳಿಸುತ್ತೆ."