ಮೂರನೇ ಪುಟ ದಾಟದ ಅರ್ಜಿ

ಹನ್ನೊಂದನೇ ಸಲವೂ ಅರ್ಜಿ ಮೂರನೇ ಪುಟದಲ್ಲೇ ಪಟ್ಟುಹಿಡಿದು ಕೂತಿತು. ‘ಮುಂದೆ’ ಎಂಬ ಗುಂಡಿ ಒತ್ತಿದರೆ ಪರದೆ ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ಅದೇ ಪುಟ ತೋರಿಸುತ್ತಿತ್ತು. ತಪ್ಪೇನೆಂದು ಹೇಳುವ ಒಂದು ಕೆಂಪಕ್ಷರವೂ ಇಲ್ಲ. ಶಾಲೆಗೆ ಸೇರಿಸಲು ಅಂದೇ ಕೊನೆಯ ದಿನ. ಐದು ಗಂಟೆಗೆ ಕಚೇರಿಯ ಬಾಗಿಲು ಬಂದ್. ಗುಮಾಸ್ತರು ಕೈಚೆಲ್ಲಿ, ಆ ಪ್ರೋಗ್ರಾಂ ಬರೆದವಳನ್ನೇ ಪಕ್ಕದ ಬೀದಿಯ ಕಂಪನಿಯಿಂದ ಕರೆಸಿದರು.

ಅವಳಿಗೆ ಜೊತೆಯವರು ಇಟ್ಟ ಹೆಸರು ಜರಡಿ. ತನ್ನ ಅರ್ಜಿಯೊಳಗೆ ಸುಳ್ಳಿನ ಒಂದು ಕಾಳೂ ನುಸುಳಲಾರದು ಎಂಬುದು ಅವಳ ಹೆಮ್ಮೆ. ಎಲ್ಲಾದರೂ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿದೆ ಎಂದರೆ ಮಿಕ್ಕವರಿಗೆ ತಲೆನೋವು, ಇವಳಿಗೆ ಹಬ್ಬ. ಬಂದವಳೇ ಕುರ್ಚಿ ಎಳೆದುಕೊಂಡು ಕೂತು, “ಮೊದಲಿಂದ ತುಂಬಿ, ನಾನು ನೋಡ್ತೀನಿ” ಎಂದಳು.

ತುಂಬುತ್ತಿದ್ದವಳು ಬಸ್ ಓಡಿಸುವ ಹೆಂಗಸು. ಸಮವಸ್ತ್ರದಲ್ಲೇ ಬಂದಿದ್ದಳು, ನಾಲ್ಕಕ್ಕೆ ಮತ್ತೆ ಬಸ್ ತೆಗೆಯಬೇಕು. ಪಕ್ಕದ ಬೆಂಚಿನಲ್ಲಿ ಅವಳ ಇಬ್ಬರು ಹೆಣ್ಣುಮಕ್ಕಳು ಒಂದೇ ಪುಸ್ತಕಕ್ಕೆ ತಲೆ ಹಾಕಿದ್ದರು, ಒಬ್ಬಳು ಗಟ್ಟಿಯಾಗಿ ಓದುವುದು, ಇನ್ನೊಬ್ಬಳು ಪುಟ ತಿರುವುವುದು. ಇಬ್ಬರೂ ಸೇರಬೇಕಾದದ್ದು ಐದನೇ ತರಗತಿಗೆ. ಅರ್ಜಿಯ ಮೊದಲ ಪುಟ ತಂದೆತಾಯಿಯದು, ಎರಡನೆಯದು ಮೊದಲ ಮಗುವಿನದು, ಮೂರನೆಯದು ಎರಡನೆಯ ಮಗುವಿನದು. ತಾಯಿ ಒಂದೊಂದೇ ಅಕ್ಷರ ಒತ್ತುತ್ತಾ, ನಡುನಡುವೆ ಗಡಿಯಾರ ನೋಡುತ್ತಾ ತುಂಬಿ ಮುಗಿಸಿದಳು. ಮತ್ತೆ ಅದೇ ಮೂರನೇ ಪುಟ.

ಜರಡಿ ತನ್ನ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ತಾನೇ ಬರೆದಿಡುವ ದಾಖಲೆಗಳ ಸಾಲು ತೆರೆದು, ಮೂಗು ತಾಗುವಷ್ಟು ಹತ್ತಿರದಿಂದ ಓದಿದಳು. ಆಮೇಲೆ ತೊಡೆ ತಟ್ಟಿಕೊಂಡಳು.

“ಸಿಕ್ತು! ತಪ್ಪು ಈ ಪುಟದಲ್ಲಿ ಕಾಣ್ತಾನೇ ಇಲ್ಲ ರೀ. ತಪಾಸಣೆ ನಡೆಯೋದು ಇಲ್ಲಿ, ಆದ್ರೆ ತಪ್ಪಿನ ಸುದ್ದಿ ಹೋಗಿ ಎರಡನೇ ಪುಟದ ತಾರೀಖಿನ ಕೆಳಗೆ ಕೂತ್ಕೊಳ್ತಿದೆ. ಆ ಪುಟ ಆಗ್ಲೇ ದಾಟಿಬಿಟ್ಟಿರ್ತೀರಿ, ನಿಮಗೆ ಕಾಣೋದು ಹೇಗೆ?”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ” ಎಂದು ಗುಮಾಸ್ತರು ನಕ್ಕರು.

ಪ್ರೋಗ್ರಾಂನ ಜಾವಾ ಕೋಡಿನಲ್ಲಿ ಎರಡು ಸಾಲು ತಿದ್ದಲು ಅವಳಿಗೆ ಹತ್ತು ನಿಮಿಷ ಸಾಕಾಯಿತು. “ಈಗ ಒತ್ತಿ” ಎಂದಳು. ತಾಯಿ ಒತ್ತಿದಳು. ಕೆಂಪಕ್ಷರ ದಪ್ಪದಪ್ಪಗೆ ಮೂಡಿತು: ‘ಒಡಹುಟ್ಟಿದವರ ಜನ್ಮದಿನಗಳ ನಡುವೆ ಐದು ತಿಂಗಳ ಅಂತರ ಇರಲಾರದು. ದಿನಾಂಕ ಸರಿಪಡಿಸಿ.’

ತಾಯಿ ಸರಕ್ಕನೆ ಅಂಗೈಯಿಂದ ಪರದೆಯನ್ನು ಮುಚ್ಚಿದಳು. ಬೆಂಚಿನ ಕಡೆ ತಿರುಗಿ, “ಇಬ್ರೂ ಹೋಗಿ ನೀರು ತುಂಬಿಸ್ಕೊಂಡು ಬನ್ನಿ” ಎಂದಳು. ಮಕ್ಕಳು ಬಾಟಲಿ ಹಿಡಿದು ಹೋದರು.

“ಯಾವ ತಾರೀಖು ತಪ್ಪಾಗಿದೆ?” ಜರಡಿ ಕೇಳಿದಳು.

“ಎರಡೂ ಸರಿ.” ತಾಯಿಯ ಕೈ ಪರದೆಯ ಮೇಲೇ ಇತ್ತು. “ಒಬ್ಬಳನ್ನ ಹೆತ್ತೆ. ಒಬ್ಬಳು ನಮ್ಮಕ್ಕನ ಮಗಳು. ಅಕ್ಕ ಹೋದಾಗ ಎಳೆಗೂಸು, ಎತ್ಕೊಂಡು ಬಂದೆ. ಮಕ್ಕಳಿಗೆ ಇನ್ನೂ ಗೊತ್ತಿಲ್ಲ.”

“ಅಷ್ಟೇ ತಾನೆ? ಹೆಸರಿನ ಪಕ್ಕ ದತ್ತು ಅಂತ ಒಂದು ಗುರುತು ಹಾಕಿ. ತಪಾಸಣೆ ಬಿಟ್ಟುಬಿಡತ್ತೆ.”

“ಆ ಗುರುತು ಎಲ್ಲೆಲ್ಲಿ ಕಾಣತ್ತೆ?”

“ಹಾಜರಿ ಪಟ್ಟೀಲಿ. ಗುರುತಿನ ಚೀಟೀಲಿ.”

“ಅಂದ್ರೆ ಅವಳ ಕೊರಳಲ್ಲಿ.”

“ಒಂದು ತಾರೀಖು ಹಿಂದೆಮುಂದೆ ಮಾಡಿಬಿಡಿ, ಯಾರು ನೋಡ್ತಾರೆ?” ಎಂದರು ಗುಮಾಸ್ತರು.

“ಬೇಡ ಸಾರ್. ಅವಳ ಹತ್ರ ಇರೋ ನಿಜ ಅದೊಂದೇ, ಹುಟ್ಟಿದ ದಿನ. ಮಿಕ್ಕಿದ್ದನ್ನ ಹೇಳೋ ಹೊತ್ತಿಗೆ ನಾನೇ ಹೇಳ್ತೀನಿ. ನಿಮ್ಮ ಮಿಷನ್ ಹೇಳೋದು ಬೇಡ.”

ಜರಡಿಗೆ ನಾಚಿಕೆಯಾಯಿತು. ಕೆಟ್ಟ ಪ್ರೋಗ್ರಾಂ ಹನ್ನೆರಡು ಸಲ ತುಟಿ ಬಿಚ್ಚದೆ ಕಾಪಾಡಿದ್ದನ್ನು ಅವಳ ರಿಪೇರಿ ಒಂದೇ ಏಟಿಗೆ ಬೀದಿಗೆ ತಂದಿತ್ತು. ಆ ನಿಯಮ ಬರೆದ ದಿನ, ಇಂಥ ತಪ್ಪು ಬೇರೆ ಯಾರಿಗೆ ಹೊಳೆದೀತು ಎಂದು ತಾನೇ ಬೆನ್ನು ತಟ್ಟಿಕೊಂಡದ್ದು ನೆನಪಾಯಿತು. ನಿಯಮವನ್ನೇ ಅಳಿಸಿದಳು. ಅರ್ಜಿ ನಾಲ್ಕನೇ ಪುಟಕ್ಕೆ ಸಲೀಸಾಗಿ ಜಾರಿತು. ತಾಯಿ ಜನನ ಪತ್ರ ಎರಡನ್ನೂ ಸೇರಿಸಿ, ಡಿಪೋಗೆ ಫೋನ್ ಮಾಡಲು ಹೊರಗೆ ಹೋದಳು. ಗುಮಾಸ್ತರು ಮೊಹರು ಹುಡುಕಲು ಒಳಗೆ ಹೋದರು.

ಪರದೆಯ ಮೇಲೆ ಆ ಎರಡು ಪತ್ರಗಳು ಬೆರಳಗಲದ ಚಿತ್ರಗಳಾಗಿ ಕೂತಿದ್ದವು. ಒತ್ತಿದರೆ ದೊಡ್ಡದಾಗುತ್ತವೆ, ಹೆತ್ತವರ ಹೆಸರಿನ ಸಮೇತ. ಅಕ್ಕನ ಮಗಳು ಯಾರಿರಬಹುದು? ಓದುತ್ತಿದ್ದವಳ ಗಲ್ಲ ತಾಯಿಯದೇ. ಪುಟ ತಿರುವುತ್ತಿದ್ದವಳ ಬೆರಳುಗಳೂ ತಾಯಿಯವೇ ಅನ್ನಿಸಿತು. ತನಗೆ ಸಂಬಂಧವಿಲ್ಲದ ವಿಷಯ ಎಂದು ಗೊತ್ತಿದ್ದೂ ಜರಡಿಯ ಕೈ ಮೌಸಿನ ಮೇಲೆ ಹೋಯಿತು.

“ನೋಡ್ಬೇಡಿ ಆಂಟಿ.”

ಪುಟ ತಿರುವುತ್ತಿದ್ದ ಹುಡುಗಿ ತುಂಬಿದ ಬಾಟಲಿ ಅಪ್ಪಿಕೊಂಡು ಹಿಂದೆ ನಿಂತಿದ್ದಳು.

“ಒಬ್ಬಳು ಹುಟ್ಟಿದ್ದು, ಒಬ್ಬಳು ಬಂದಿದ್ದು ಅಂತ ಅತ್ತೆ ಫೋನಲ್ಲಿ ಹೇಳೋದನ್ನ ಕೇಳಿಸ್ಕೊಂಡಿದೀವಿ. ಯಾರು ಅಂತ ನಮಗೂ ಗೊತ್ತಿಲ್ಲ. ಅಮ್ಮನ ಹತ್ರ ಹೇಳ್ಬೇಡಿ, ಪಾಪ, ಬೇಜಾರು ಮಾಡ್ಕೊಳ್ತಾಳೆ.”

ಜರಡಿ ಮೌಸಿನಿಂದ ಕೈ ತೆಗೆದಳು. ಆದರೂ ಕೇಳದೆ ಇರಲಾಗಲಿಲ್ಲ. “ಬಂದವಳು ನಾನಾ, ಅವಳಾ ಅಂತ ನಿಮಗೆ ಅನ್ಸೋದೇ ಇಲ್ವಾ?”

“ಅನ್ಸತ್ತೆ. ಅದಕ್ಕೇ ಸರದಿ ಹಾಕ್ಕೊಂಡಿದೀವಿ.” ಹುಡುಗಿ ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಿದಳು. “ಈ ವಾರ ಬಂದವಳು ನಾನು.”