ಕರಿಬಂಡೆಯ ಮೇಲಿನ ಕೆಂಪು

ಆ ದ್ವೀಪದಲ್ಲಿ ಮನುಷ್ಯರಿರಲಿಲ್ಲ, ಕುಡಿಯಲು ನೀರೂ ಇರಲಿಲ್ಲ. ಇದ್ದದ್ದು ಒಂದು ಜ್ವಾಲಾಮುಖಿ ಬೆಟ್ಟ, ಅದಕ್ಕೆ ದಾರಿಯ ಗುರುತಿಲ್ಲ. ದಂಡೆಯಲ್ಲಿ ನಿಂತ ದೋಣಿ ಸರಿಯಾಗಿ ಐದಕ್ಕೆ ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ. ಮತ್ತೆ ಬರುವುದು ಮುಂದಿನ ವಾರ.

ಗಂಡ ಹೆಂಡತಿ ತುದಿಯಿಂದ ಇಳಿದು ನಡುಬೆಟ್ಟದ ಕಲ್ಲುಬಯಲಿಗೆ ಬಂದಾಗ ಬಿಸಿಗಾಳಿ ಎದ್ದು ಕರಿಧೂಳು ಕವಿಯಿತು. ಸೂರ್ಯನೂ ಕಾಣದಾದ.

"ರೀ, ಇಲ್ಲಿ ನೋಡ್ರಿ," ಎಂದಳು ಹೆಂಡತಿ. ಬಂಡೆಯ ಮೇಲೆ ಎಲೆ-ಅಡಿಕೆಯ ಕೆಂಪು ಕಲೆ ಒಣಗಿ ಅಂಟಿಕೊಂಡಿತ್ತು. "ಮುಂಜಾನೆ ಬೆಟ್ಟ ಹತ್ತೂ ಮುಂದ ನೀವು ಉಗುಳಿದ್ದು."

"ಆವಾಗ ಅದಕ್ಕ ಬೈದಿದ್ದಿ."

"ಮೂವತ್ತು ವರ್ಷದಿಂದ ಬೈಯಾಕತ್ತೀನಿ. ಇವತ್ತ ನಿಮ್ಮ ಎಲಿ-ಅಡಿಕಿ ಚಟಾನ ನಮ್ಮನ್ನ ಉಳಸ್ತು ನೋಡ್ರಿ."

ಮದುವೆಯಾದಾಗಿನಿಂದ ಮೊದಲ ಸಲ ಆಕೆ ತಾನಾಗಿ ಅವನ ಚಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿ ಕೈಗೆ ಕೊಟ್ಟಳು. ಅವನು ಅದನ್ನು ದವಡೆಗೆ ಒತ್ತಿಕೊಂಡು, ಮಾತಿಗೊಮ್ಮೆ ಬಾಯಿ ಖಾಲಿ ಮಾಡುತ್ತ, ಹುರುಪಿನಿಂದ ಮುಂದೆ ನಡೆದ.

ಇನ್ನೊಂದು ಕಲೆ ಸಿಕ್ಕಿತು. ಆಮೇಲೆ ಮತ್ತೊಂದು. ಧೂಳಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಒಂದು ತಾಸು ಕಲೆಯಿಂದ ಕಲೆಗೆ ನಡೆದರು.

"ಎಷ್ಟು ಗಂಟೆ ಆತ್ರಿ?"

"ಐದಕ್ಕ ಹತ್ತು ನಿಮಿಷ ಅದ. ದಂಡಿ ಬಂದಂಗ ತಿಳಿ. ಇಲ್ಲೊಂದು ನೋಡು, ಎಷ್ಟು ಕೆಂಪಗ ಕಾಣಸ್ತದ."

ಆಕೆ ಬಾಗಿ ಆ ಕಲೆಯನ್ನು ಮುಟ್ಟಿದಳು. ಬೆರಳಿಗೆ ಹತ್ತಿದ ಕೆಂಪು ಇನ್ನೂ ಹಸಿಯಾಗಿತ್ತು.