ಕಾಕಾನ ಫ್ರೆಂಚ್ ವ್ಯಾಕರಣ

ಕಾಕಾನ ಹಳೆಯ ಫ್ರೆಂಚ್ ವ್ಯಾಕರಣ ತೆರೆದಾಗಲೆಲ್ಲ ನಾನು ಒಂದೇ ಪುಟ ಹುಡುಕುತ್ತೇನೆ.

ನನ್ನ ಚಿಕ್ಕಂದಿನಲ್ಲಿ ಒಮ್ಮೆ, ಹೈದರಾಬಾದಿನ ಕಾಲೇಜಿನಿಂದ ಬೇಸಿಗೆ ಸೂಟಿಗೆ ನಮ್ಮೂರು ಅಂದೋಲಾಕ್ಕೆ ಬಂದಿದ್ದ ಕಾಕಾ, ಪಡಸಾಲೆಯಲ್ಲಿ ಕೂತು ನನಗೆ ಆ ಪುಟ ವಿವರಿಸುತ್ತಿದ್ದ. "ಒಬ್ಬರ ಹೆಸರು ಹೇಳದೇ, ಅವರು ಏನ್ ಮಾಡ್ತಾರೋ ಅದರಿಂದ ಗುರುತು ಹೇಳಾಕ ಫ್ರೆಂಚಿನಾಗ ಈ ‘ಕಿ’ ಅನ್ನೋ ಶಬ್ದ ಬೇಕು." ನನ್ನ ತಲೆಗೆ ಹತ್ತಲಿಲ್ಲ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕಾನ ಹೆಂಡತಿ ಕಾಕು, ಗಂಡನ ಹೆಸರನ್ನು ಎಂದೂ ಬಾಯಿಗೆ ತಾರದವಳು, ಬಾಗಿಲ ಮರೆಯಿಂದ ನನಗೆ ಹೇಳಿದಳು: "ಇದೇನ ಹೊಸಾದು ಬೇ? ನಾ ದಿನಾ ಹಂಗೇ ಹೇಳ್ತೇನಿ. ಪುಸ್ತಕ ಹಿಡದ್ರ ಊಟ ಮರೆಯೋರು. ಊರು ಬಿಟ್ಟ ಮ್ಯಾಲೆ ಒಂದು ಕಾಗದಾನೂ ಬರೀದವರು."

ಕಾಕಾ ತಲೆ ತಗ್ಗಿಸಿದ. "ಬರದ್ರ ಓದೋರು ಯಾರು?" ಎಂದ ಮೆಲ್ಲಗೆ.

ಜೋಳ ಹಸನು ಮಾಡುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು. "ಓದಾಕ ಬರೂದಿಲ್ಲಂದ್ರ ನೀನೇ ಕಲಿಸೋ. ಬಾರವ್ವಾ, ಇಲ್ಲಿ ಕೂಡು. ರೊಟ್ಟಿ ನಾ ಮಾಡ್ತೇನಿ."

ಕಾಕು ಕೈ ತೊಳೆಯುವುದನ್ನೂ ಮರೆತು ಬಂದು ಕೂತಳು. ಆ ‘ಕಿ’ ಯಾವುದೆಂದು ನನ್ನನ್ನು ಕೇಳಿ, ಅದರ ಮೇಲೆ ಬೆರಳಿಟ್ಟಳು. ಹಿಟ್ಟಿನ ಗುರುತು ಬಿತ್ತು. ಗಾಬರಿಯಾಗಿ ಸೆರಗಿನಿಂದ ಒರೆಸಹೋದಳು.

"ಇರ್ಲಿ ಬಿಡು," ಎಂದ ಕಾಕಾ, ನನ್ನ ಪಾಟಿ, ಬಳಪವನ್ನು ಅವಳ ಮುಂದೆ ಸರಿಸಿದ.